ಮೊದಲು ನದಿ ತೋರಿಸಿ, ಆಮೇಲೆ ಉಳಿಸೋಣ



ಕಳೆದ ಜೂನ್‌ನಲ್ಲಿ ಹಿಂದೂಪುರ ಮತ್ತು ಕಲ್ಯಾಣದುರ್ಗದ ನಮ್ಮ ಯುವಜನರು ಒಟ್ಟಿಗೆ ಕೂತಿದ್ದಾಗ, ನದಿ ಮತ್ತು ಅದರ ಜೀವಜಂತುಗಳನ್ನು ಕಾಪಾಡಲು ಒಂದು ಬಳಗ ಕಟ್ಟೋಣ ಎಂಬ ಮಾತು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಗ ಕಲ್ಯಾಣದುರ್ಗದ ತಮ್ಮನೊಬ್ಬ ಎದ್ದು, "ಅಣ್ಣಾ, ಮೊದಲು ನದಿ ತೋರಿಸಿ, ಆಮೇಲೆ ಉಳಿಸೋಣ" ಅಂದ. ನಕ್ಕೆವು. ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮಲ್ಲಿ ಹೆಚ್ಚಿನವರು ಪೆನ್ನಾ ನದಿಯನ್ನು ನೋಡಿರುವುದು ಮರಳಾಗಿ, ಜಾಲಿ ಪೊದೆಯಾಗಿ. ವೇದಾವತಿಯೂ ಹಾಗೆಯೇ. ಹಾಗಾಗಿ ನಾವು ಕೆಲವರು ಸೇರಿ ಹಳೆಯ ಸಂಗತಿಗಳನ್ನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪೆನ್ನಾ, ಅಂದರೆ ಉತ್ತರ ಪಿನಾಕಿನಿ, ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತದೆ. ಗೌರಿಬಿದನೂರು ದಾಟಿ ಹಿಂದೂಪುರದ ಸೀಮೆಗೆ ಬರುತ್ತದೆ. ಒಟ್ಟು 597 ಕಿಲೋಮೀಟರ್ ನಡೆದು ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ವೇದಾವತಿ ಬಾಬಾಬುಡನ್‌ಗಿರಿಯ ಕಡೆಯಿಂದ ಬಂದು, ಚಿತ್ರದುರ್ಗ ಜಿಲ್ಲೆ ದಾಟಿ, ಕಲ್ಯಾಣದುರ್ಗದ ಕಡೆ ಭೈರವಾನಿತಿಪ್ಪ ಅಣೆಕಟ್ಟಿಗೆ ಬರುತ್ತದೆ. ಎರಡೂ ಮೇಲಿನಿಂದ ನಮಗೆ ಬರುವ ನದಿಗಳು. ಮೇಲಿನವರು ಹಿಡಿದುಕೊಂಡರೆ ನಮಗಿಲ್ಲ.

ಈ ಜಗಳ ಹೊಸದಲ್ಲ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಆಗ ನಮ್ಮ ಅನಂತಪುರ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹದಿನೈದು ಮುಖ್ಯ ನದಿಗಳ ಪಟ್ಟಿ ಮಾಡಿ, ಅವುಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಎಂದು ಬರೆದರು. ಪಟ್ಟಿಯಲ್ಲಿ ಪೆನ್ನಾವೂ ಇದೆ, ವೇದಾವತಿಯೂ ಇದೆ. ಅದಾಗಿ ಕೆಲವೇ ವರ್ಷಕ್ಕೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ವಾಣಿವಿಲಾಸ ಸಾಗರ ಕಟ್ಟಿದರು, 1907ಕ್ಕೆ ಮುಗಿಯಿತು. ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಎಂಬತ್ತೊಂಬತ್ತು ವರ್ಷ. ನದಿ ತೋರಿಸಿ ಎಂದ ತಮ್ಮನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನೀರಿನ ಪಾಲಿನ ಬಗ್ಗೆ ಸರ್ಕಾರಗಳು ಬರೆದುಕೊಂಡವು, ವಾದ ಮಾಡಿದವು. ಮೀನಿನ ಪಾಲು, ಕೊಕ್ಕರೆಯ ಪಾಲು ಎಷ್ಟು ಎಂದು ಯಾರೂ ಬರೆಯಲಿಲ್ಲ. ಅದನ್ನು ನೋಡಿಕೊಂಡವರು ಹಳ್ಳಿಯವರು.

ನಮಗೆ ಹತ್ತಿರದ ಉದಾಹರಣೆ ವೀರಾಪುರಂ. ಹಿಂದೂಪುರದ ಪಕ್ಕದ ಚಿಲಮತ್ತೂರು ಮಂಡಲದ ಹಳ್ಳಿ. ವರ್ಷದ ಮೊದಲ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆಮರಗಳ ಮೇಲೇ ಗೂಡು ಕಟ್ಟುತ್ತವೆ. ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಕೆಳಗೆ ಮನೆ, ದನದ ಕೊಟ್ಟಿಗೆ, ಮಕ್ಕಳ ಆಟ. ಮೇಲೆ ಕೊಕ್ಕರೆಗಳ ಸಂಸಾರ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿರುತ್ತದೆ ಎಂಬುದು ಊರವರ ನಂಬಿಕೆ. ಯಾರೂ ಕಲ್ಲೆಸೆಯುವುದಿಲ್ಲ, ಬೇಟೆಗೆ ಬಂದವರನ್ನು ಬಿಡುವುದಿಲ್ಲ. ಇದಕ್ಕೆ ಸಂಘವಿಲ್ಲ, ರಸೀದಿ ಪುಸ್ತಕವಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಹೀಗೆಯೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಇವು ಸೈಬೀರಿಯಾದಿಂದ ಬರುತ್ತವೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ನಾವೂ ಶಾಲೆಯಲ್ಲಿ ಹಾಗೆಯೇ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೇವೆ. ನಿಜವಲ್ಲ. ಬಣ್ಣದ ಕೊಕ್ಕರೆ ನಮ್ಮ ದೇಶದ್ದೇ ಹಕ್ಕಿ. ಕೆರೆ ಎಲ್ಲಿ ತುಂಬಿದೆ, ಮೀನು ಎಲ್ಲಿದೆ ಎಂದು ನೋಡಿಕೊಂಡು ಇಲ್ಲಿಂದಲ್ಲಿಗೆ ಓಡಾಡುತ್ತದೆ. ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ! ಇದನ್ನು ತಿದ್ದುವುದು ಮುಖ್ಯ, ಏಕೆಂದರೆ ಸೈಬೀರಿಯಾದ ಅತಿಥಿ ಎಂದರೆ ಬರದಿದ್ದಾಗ ದೂರದ ದೇಶದ ಮೇಲೆ ತಪ್ಪು ಹಾಕಬಹುದು. ನಮ್ಮದೇ ಹಕ್ಕಿ ಎಂದರೆ, ಬರದಿದ್ದ ವರ್ಷ ನಮ್ಮ ಕೆರೆಗಳನ್ನೇ ನೋಡಿಕೊಳ್ಳಬೇಕಾಗುತ್ತದೆ.

ನಂಬಿಕೆ ಇದ್ದಲ್ಲಿ ಬಳಗ ಯಾಕೆ ಬೇಕು ಎಂದು ನಮಗೂ ಅನ್ನಿಸಿತ್ತು. ಉತ್ತರ ಸಿಕ್ಕಿದ್ದು ವೀರಾಪುರದ ಹಾಗೆಯೇ ಇರುವ ಇನ್ನೊಂದು ಊರಿನ ಕಥೆಯಲ್ಲಿ. ಬೆಂಗಳೂರು ದಾಟಿ ಮೈಸೂರು ದಾರಿಯಲ್ಲಿ ಹೋದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಪಕ್ಕದಲ್ಲಿ ಶಿಂಷಾ ನದಿ. ಊರು ಮೊದಲು ಹೊಳೆಯ ದಂಡೆಯ ಹತ್ತಿರವೇ ಇತ್ತಂತೆ. ನೂರು ವರ್ಷದ ಹಿಂದೆ ಪ್ಲೇಗ್ ಬಂದು ಜನ ಊರು ಬಿಟ್ಟು ಬೇರೆ ಕಡೆ ಮನೆ ಕಟ್ಟಿಕೊಂಡಾಗ ಹಕ್ಕಿಗಳೂ ಜನರ ಹಿಂದೆಯೇ ಹೊಸ ಊರಿಗೆ ಬಂದವು ಎಂದು ಅಲ್ಲಿಯವರು ಹೇಳುತ್ತಾರೆ. ಬಣ್ಣದ ಕೊಕ್ಕರೆಯ ಜೊತೆ ಅಲ್ಲಿ ಹೆಜ್ಜಾರ್ಲೆಯೂ ಗೂಡು ಕಟ್ಟುತ್ತದೆ. ಕೊಕ್ಕಿನ ಕೆಳಗೆ ಚೀಲವಿರುವ ದೊಡ್ಡ ಹಕ್ಕಿ, ಇಂಗ್ಲಿಷಿನವರ ಪೆಲಿಕನ್. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ 19ನೇ ಶತಮಾನದಲ್ಲಿ ಇದೇ ಹಕ್ಕಿ ಲೆಕ್ಕವಿಲ್ಲದಷ್ಟು ಇತ್ತು. ಅಲ್ಲಿ ಇಪ್ಪತ್ತನೇ ಶತಮಾನದ ಮಧ್ಯಕ್ಕೆಲ್ಲ ಇಲ್ಲವಾಯಿತು. ಬೆಳ್ಳೂರಿನಲ್ಲಿ ಉಳಿಯಿತು.

ಆದರೆ ಸುಮ್ಮನೆ ಉಳಿಯಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಅಷ್ಟರಲ್ಲಿ ಊರಿನ ಲೆಕ್ಕಾಚಾರ ಬದಲಾಗುತ್ತಿತ್ತು. ನೋಡಿ, ಹೆಜ್ಜಾರ್ಲೆ ಗೂಡಿನಲ್ಲಿರುವ ತಿಂಗಳುಗಳೇ ಹುಣಸೆಹಣ್ಣು ಬಡಿಯುವ ತಿಂಗಳುಗಳು. ಹಣ್ಣು ಬಡಿದರೆ ಮರಿ ಬೀಳುತ್ತದೆ. ಬಡಿಯದಿದ್ದರೆ ಹಿಕ್ಕೆ ಬಿದ್ದು ಹಣ್ಣು ಕೆಡುತ್ತದೆ. ಹಿಂದೆ ಆ ಹಿಕ್ಕೆಯನ್ನೇ ಮರದ ಕೆಳಗೆ ಕೂಡಿಹಾಕಿ, ಕೆರೆಗೋಡಿನ ಜೊತೆ ಬೆರೆಸಿ ಗದ್ದೆಗೆ ಹಾಕುತ್ತಿದ್ದರು. ಹಕ್ಕಿಯ ಬಾಡಿಗೆ ಅದು. ಅಂಗಡಿಯಲ್ಲಿ ಗೊಬ್ಬರದ ಮೂಟೆ ಸಿಗತೊಡಗಿದ ಮೇಲೆ ಆ ಬಾಡಿಗೆಗೆ ಬೆಲೆ ಇಳಿಯಿತು. ಇನ್ನೊಂದು ಕಡೆ ಹುಣಸೆಮರಕ್ಕೆ ಸೌದೆ ವ್ಯಾಪಾರಿಗಳು ಕೈತುಂಬ ಹಣ ಕೊಡುತ್ತಿದ್ದರು. ಮಗಳ ಮದುವೆ ಎದುರಿಗಿದ್ದರೆ ಅಪ್ಪ ಏನು ಮಾಡಬೇಕು? ಮರಗಳು ಉರುಳತೊಡಗಿದವು. ಅವರನ್ನು ದೂರಲು ನಮಗೆ ಮನಸ್ಸಿಲ್ಲ. ನಮ್ಮ ಮನೆಯ ಮರವಾಗಿದ್ದರೆ ನಾವೂ ಮಾರುತ್ತಿದ್ದೆವೇನೋ.

ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಪರಿಹಾರ ಕೊಡತೊಡಗಿತು. ಒಳ್ಳೆಯದೇ. ಆದರೆ ಮರ ಕಾಯುವ ಕೆಲಸ ಹಣ ಕೊಟ್ಟವರದ್ದು ಎಂಬ ಭಾವನೆ ಅದರ ಹಿಂದೆಯೇ ಬರಬಹುದು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಬಂದು ಊರವರ ಜೊತೆ ಕೆಲಸ ಮಾಡತೊಡಗಿದರು. ಊರಿನ ಹುಡುಗರೇ ಸೇರಿ ಕಟ್ಟಿದ್ದು 'ಹೆಜ್ಜಾರ್ಲೆ ಬಳಗ'.

ಬಳಗ ಏನು ಮಾಡಿತು? ಗೂಡಿನಿಂದ ಬಿದ್ದ ಮರಿ ನೋಡಿಕೊಂಡಿತು. ಹೆಜ್ಜಾರ್ಲೆಯ ಮರಿ ನೆಲಕ್ಕೆ ಬಿದ್ದರೆ ತಾಯಿ ಕೆಳಗಿಳಿದು ಉಣಿಸುವುದಿಲ್ಲ. ನಾಯಿ ಬರುತ್ತದೆ, ಇಲ್ಲವೇ ಹಸಿವಿನಿಂದ ಸಾಯುತ್ತದೆ. ಹುಡುಗರು ಬೇಲಿ ಕಟ್ಟಿದ ಒಂದು ಆವರಣ ಮಾಡಿ, ಬಿದ್ದ ಮರಿಗಳನ್ನು ಅದರಲ್ಲಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. ಒಂದು ವರ್ಷವಲ್ಲ, ವರ್ಷ ವರ್ಷವೂ. ಮೀನಿನ ವಾಸನೆಯ ಕೆಲಸ, ಫೋಟೋಗೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಊರಿನ ಮಕ್ಕಳು ಅದನ್ನು ನೋಡುತ್ತ ಬೆಳೆದರು. 2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಹೊಸದಾಗಿ ಸೇರಿಸಿದ ವರ್ಗ ಅದು. ಜನರ ಸ್ವಂತ ಜಮೀನು ಜನರ ಕೈಯಲ್ಲೇ ಇದ್ದು, ಅವರೇ ಕಾಪಾಡಿಕೊಳ್ಳುವ ವ್ಯವಸ್ಥೆ.

ಮೀಸಲು ಎಂದು ಬರೆದರೆ ಕಥೆ ಮುಗಿಯಲಿಲ್ಲ. 2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯಲ್ಲಿ ದುಂಡುಹುಳು ಸಿಕ್ಕಿತು, ಅದು ಬಂದದ್ದು ತಿಂದ ಮೀನಿನಿಂದ. ಊರಿನ ಮರ ಎಷ್ಟೇ ಭದ್ರವಾಗಿರಲಿ, ಹಕ್ಕಿ ಉಣ್ಣುವುದು ಸುತ್ತಲಿನ ಕೆರೆಯಲ್ಲಿ, ಹೊಳೆಯಲ್ಲಿ.

ಅದೇ 2007ರಲ್ಲಿ ನಮ್ಮ ಗಡಿಯ ಪಕ್ಕದಲ್ಲೂ ಒಂದು ಘೋಷಣೆಯಾಯಿತು, ನಮಗೆ ಗೊತ್ತೇ ಇರಲಿಲ್ಲ! ದೇವರಾಯನದುರ್ಗದಲ್ಲಿ ಹುಟ್ಟಿ ಪರಿಗಿ ಕಡೆ ಬಂದು ಪೆನ್ನಾ ಸೇರುವ ಜಯಮಂಗಲಿ ನದಿಯ ಹೆಸರಿನಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾಯಿತು. ಅದರ ಹಿಂದೆಯೂ ತುಮಕೂರಿನ ಹವ್ಯಾಸಿಗಳ ಒಂದು ಬಳಗವಿತ್ತು, ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್. ಅಲ್ಲಿನ ಪ್ರಾಣಿ ಪಕ್ಷಿಗಳನ್ನು ನೋಡಿ ಬರೆದಿಟ್ಟ ಜನ ಅವರು. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು, ಕಾಡಲ್ಲ. ಬಂಜರು ಕಂಡಲ್ಲೆಲ್ಲ ಗಿಡ ನೆಟ್ಟರೆ ಅದರ ಮನೆ ಹೋಗುತ್ತದೆ. ನಾವು ಪ್ರತಿ ಜೂನ್ 5ಕ್ಕೆ ಗಿಡ ನೆಟ್ಟು ಗ್ರೂಪ್ ಫೋಟೋ ತೆಗೆದುಕೊಂಡವರು. ಹೋದ ವರ್ಷದ ಗುಣಿಗಳಲ್ಲಿ ಈ ವರ್ಷ ಮತ್ತೆ ನೆಟ್ಟವರು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತಿದ್ದೇವೆ.

ಹಾಗಾಗಿ ನಮ್ಮ ಬಳಗಕ್ಕೆ ಇನ್ನೂ ಹೆಸರಿಟ್ಟಿಲ್ಲ, ಬ್ಯಾನರ್ ಮಾಡಿಸಿಲ್ಲ. ಒಂದು ನೋಟ್‌ಬುಕ್ ಕೊಂಡಿದ್ದೇವೆ. ಬರುವ ಫೆಬ್ರವರಿಯ ಎರಡನೇ ಭಾನುವಾರ ಪೂಜೆ ಮುಗಿಸಿ ವೀರಾಪುರಕ್ಕೆ ಹೋಗುವುದು. ಮೊದಲ ಪುಟಗಳಲ್ಲಿ ಹಕ್ಕಿಗಳ ಲೆಕ್ಕ ಬರೆಯುವುದಿಲ್ಲ. ಮರ ಎಷ್ಟು, ಯಾರ ಮನೆಯದು, ಈ ವರ್ಷ ಹುಣಸೆಹಣ್ಣು ಎಷ್ಟು ಕೈಗೆ ಬಂತು, ಎಷ್ಟು ಕೆಟ್ಟಿತು ಎಂದು ಮನೆಯವರನ್ನೇ ಕೇಳಿ ಬರೆಯುವುದು. ಆಮೇಲೆ ಗೂಡು. ಆಮೇಲೆ ಸುತ್ತಲಿನ ಕೆರೆಗಳಲ್ಲಿ ನೀರು ಎಲ್ಲಿವರೆಗಿದೆ ಎಂದು ನೋಡುವುದು. ಕಲ್ಯಾಣದುರ್ಗದವರು ಭೈರವಾನಿತಿಪ್ಪದ ಕಡೆ ಇದೇ ರೀತಿ ಬೇರೆ ನೋಟ್‌ಬುಕ್ ಇಡುತ್ತೇವೆ ಎಂದಿದ್ದಾರೆ. ಅದನ್ನು ಬರೆಯುವ ಹೊಣೆ, ನದಿ ತೋರಿಸಿ ಎಂದ ತಮ್ಮನದ್ದೇ.

ಬರುವವರು ಊಟ, ನೀರು ಕಟ್ಟಿಕೊಂಡು ಬನ್ನಿ. ತೆಲುಗು ಚೆನ್ನಾಗಿ ಬರುವ ಇಬ್ಬರು ಖಂಡಿತ ಬೇಕು. ಸ್ಪೀಕರ್ ತರಬೇಡಿ, ಮರದ ಕೆಳಗೆ ನಿಂತು ಕೂಗಬೇಡಿ. ಟೋಪಿ ಮರೆಯಬೇಡಿ, ಬಿಸಿಲಿಗಷ್ಟೇ ಅಲ್ಲ, ಮೇಲೆ ಕೊಕ್ಕರೆಗಳಿರುತ್ತವೆ.