ಕ್ಯಾರವಾನ್‌ಗಳ ಅನಿಲ ಫ್ರಿಜ್: ಸುರಕ್ಷತೆ ಮತ್ತು ನಿರ್ವಹಣೆ

ಎಲ್‌ಪಿಜಿಯ ಸಣ್ಣ ಜ್ವಾಲೆಯ ಶಾಖದಿಂದಲೇ ತಂಪನ್ನು ಉಂಟುಮಾಡುವ ಫ್ರಿಜ್. ಯುರೋಪ್, ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಕ್ಯಾರವಾನ್, ಮೋಟರ್‌ಹೋಮ್‌ಗಳಲ್ಲಿ ಇದು ದಶಕಗಳಿಂದ ಬಳಕೆಯಲ್ಲಿದೆ. ಸಾಮಾನ್ಯ ಮಾದರಿ ಮೂರು ಬಗೆಯಲ್ಲಿ ನಡೆಯುತ್ತದೆ: ಕ್ಯಾಂಪಿಂಗ್ ತಾಣದಲ್ಲಿ ಮನೆಬಳಕೆಯ ವಿದ್ಯುತ್ತಿನಿಂದ, ವಾಹನ ಓಡುವಾಗ 12 ವೋಲ್ಟ್‌ನಿಂದ, ವಿದ್ಯುತ್ತಿಲ್ಲದ ಕಡೆ ಅನಿಲದಿಂದ. ಇದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ಹಿಂಭಾಗದಲ್ಲಿ ಹಗಲೂರಾತ್ರಿ ಬೆಂಕಿ ಉರಿಯುತ್ತಿದೆ ಎಂಬುದು ಮರೆತುಹೋಗುವುದೂ ಈ ಮೌನದಿಂದಲೇ.

1922ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಇದನ್ನು ರೂಪಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ತಯಾರಿಕೆಗೆ ಇಳಿಯಿತು. ಇಂದಿನ ಪ್ರಮುಖ ತಯಾರಕ ಡೊಮೆಟಿಕ್ ಇದೇ ಕಂಪನಿಯಿಂದ ಹೊರಬಂದದ್ದು.

ಮುಚ್ಚಿದ ಉಕ್ಕಿನ ಕೊಳವೆಗಳೊಳಗೆ ಅಮೋನಿಯ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಜ್ವಾಲೆ ಬಾಯ್ಲರನ್ನು ಕಾಯಿಸಿದಾಗ ಅಮೋನಿಯ ನೀರಿನಿಂದ ಬೇರ್ಪಟ್ಟು ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ರೆಕ್ಕೆಗಳಿರುವ ಕೊಳವೆಯಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಅಲ್ಲಿಂದ ಹೈಡ್ರೋಜನ್ ತುಂಬಿದ ಭಾಗಕ್ಕೆ ಇಳಿದಾಗ ಅದರ ಪಾಲಿನ ಒತ್ತಡ ಕುಸಿದು, ಮತ್ತೆ ಆವಿಯಾಗುತ್ತ ಪೆಟ್ಟಿಗೆಯೊಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕೊನೆಗೆ ನೀರು ಅದನ್ನು ಹೀರಿಕೊಂಡು ಬಾಯ್ಲರಿಗೆ ಮರಳಿಸುತ್ತದೆ. ಪಂಪಿಲ್ಲದ ಈ ಹರಿವು ನಡೆಯುವುದು ಗುಳ್ಳೆಗಳ ಏರಿಕೆ ಮತ್ತು ಗುರುತ್ವಾಕರ್ಷಣೆಯ ಬಲದಿಂದ. ಆದ್ದರಿಂದ ವಾಹನ ಸಮತಟ್ಟಾದ ನೆಲದಲ್ಲಿ ನಿಂತಿರಬೇಕು. ಓರೆಯಾಗಿ ನಿಂತರೆ ದ್ರವ ಕೊಳವೆಯ ತಗ್ಗಿನಲ್ಲಿ ತಂಗಿ ಬಾಯ್ಲರ್ ಒಣಗಿ ಕಾಯುತ್ತದೆ. ತುಕ್ಕು ಹಿಡಿಯದಿರಲೆಂದು ಬೆರೆಸಿದ ಸೋಡಿಯಂ ಕ್ರೋಮೇಟ್ ಆಗ ಗಟ್ಟಿಯಾಗಿ ಕೊಳವೆಯಲ್ಲಿ ಕಟ್ಟಿಕೊಳ್ಳಬಹುದು. ಈ ಹಾನಿಗೆ ಸಾಮಾನ್ಯವಾಗಿ ದುರಸ್ತಿಯಿಲ್ಲ. ಓಡುವಾಗಿನ ಕುಲುಕಾಟದಲ್ಲಿ ದ್ರವ ಸರಿದಾಡುತ್ತಿರುವುದರಿಂದ ಅಷ್ಟು ಭಯವಿಲ್ಲ. ನಿಲ್ಲಿಸುವಾಗ ಸಮಪಾತಳಿ ನೋಡುವ ಐದು ನಿಮಿಷದ ಕೆಲಸವನ್ನು ಬಿಡಬಾರದು.

ಅಪಾಯಗಳಲ್ಲಿ ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ಗಾಳಿ ಸಾಕಷ್ಟು ಸಿಕ್ಕರೆ ಜ್ವಾಲೆ ನೀಲಿಯಾಗಿ ಸ್ಥಿರವಾಗಿ ಉರಿಯುತ್ತದೆ. ಬರ್ನರ್ ಕೊಳೆಯಾಗಿದ್ದರೆ ಅಥವಾ ಚಿಮಣಿ ಕಟ್ಟಿದ್ದರೆ ಅದು ಹಳದಿಗೆ ತಿರುಗಿ ಮಸಿ ಹಿಡಿಯುತ್ತದೆ, ಬಣ್ಣವೂ ವಾಸನೆಯೂ ಇಲ್ಲದ ಈ ವಿಷಾನಿಲ ಹುಟ್ಟುತ್ತದೆ. ತಲೆನೋವು, ವಾಕರಿಕೆ, ಮಂಪರುಗಳನ್ನು ಪ್ರಯಾಣದ ಆಯಾಸವೆಂದು ತಿಳಿದು ಮಲಗಿಬಿಡುವುದೇ ಪ್ರಾಣಕ್ಕೆ ಎರವಾಗಬಲ್ಲದು. ಸರಿಯಾಗಿ ಜೋಡಿಸಿದ ಫ್ರಿಜ್‌ನ ಹಿಂದಿನ ಜಾಗ ವಾಸದ ಕೋಣೆಯಿಂದ ಪೂರ್ತಿ ಬೇರ್ಪಟ್ಟಿರುತ್ತದೆ. ಗಾಳಿ ಹೊರಗೋಡೆಯ ಕೆಳಜಾಲರಿಯಿಂದ ಬಂದು ಮೇಲಿನಿಂದ ಹೋಗುತ್ತದೆ, ಹೊಗೆಯೂ ನೇರ ಹೊರಕ್ಕೇ. ಫ್ರಿಜ್ ತೆಗೆದು ಮತ್ತೆ ಕೂರಿಸಿದಾಗ ಅಂಚಿನ ಸೀಲ್ ಬಿಟ್ಟುಹೋದರೆ ಈ ವ್ಯವಸ್ಥೆಯೇ ವ್ಯರ್ಥ. ಚಳಿಗಾಲದ ಮುಚ್ಚಳಗಳನ್ನು ಬೇಸಿಗೆಯಲ್ಲಿ ತೆಗೆಯದೆ ಬಿಡುವುದೂ ಜಾಲರಿಗೆ ಬಟ್ಟೆ ತುರುಕುವುದೂ ತಪ್ಪು. ಮಲಗುವ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಯುರೋಪಿನಲ್ಲಿ ಇಂಥ ವಾಹನಗಳ ಅಲಾರಂಗೆ ಇಎನ್ 50291-2 ಎಂಬ ಪ್ರತ್ಯೇಕ ಮಾನದಂಡವಿದೆ.

ಎರಡನೆಯದು ಸೋರಿಕೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಅದು ಹೊರಹೋಗಲೆಂದು ವಾಹನದ ನೆಲದಲ್ಲೇ ತೂತುಗಳನ್ನು ಬಿಟ್ಟಿರುತ್ತಾರೆ. ಹಾಸಿದ ಕಾರ್ಪೆಟ್ಟಿನಿಂದಲೋ ತಂಗಾಳಿ ಬರುತ್ತದೆಂದೋ ಅವನ್ನು ಮುಚ್ಚುವಂತಿಲ್ಲ. ನಮ್ಮ ಅಡುಗೆಮನೆಯ ಸಿಲಿಂಡರಿನಂತೆ ಇಲ್ಲಿಯೂ ಅನಿಲಕ್ಕೆ ಘಾಟುವಾಸನೆ ಬೆರೆಸಿರುತ್ತಾರೆ. ಅನುಮಾನ ಬಂದರೆ ಸಿಲಿಂಡರ್ ಮುಚ್ಚಿ, ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಎಲ್ಲರೂ ಹೊರಬರಬೇಕು. ಸೋರುವ ಜಾಗವನ್ನು ಸೋಪಿನ ನೀರಿನಿಂದ ಹುಡುಕಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ಜ್ವಾಲೆ ಆರಿದರೆ ಥರ್ಮೋಕಪಲ್ ತಣ್ಣಗಾಗಿ ಕವಾಟ ತಾನೇ ಮುಚ್ಚುತ್ತದೆ. ಆ ರಕ್ಷಣೆ ಆರಿದ ಬರ್ನರಿಗೆ ಮಾತ್ರ; ಅದಕ್ಕಿಂತ ಹಿಂದಿನ ಪೈಪು, ಜೋಡಣೆಗಳ ಸೋರಿಕೆಯನ್ನು ಅದು ತಡೆಯದು. ಪೆಟ್ರೋಲ್ ಬಂಕಿಗೆ ತಿರುಗುವ ಮೊದಲೇ ಜ್ವಾಲೆ ಆರಿಸಬೇಕು.

ವರ್ಷಕ್ಕೊಮ್ಮೆ ತರಬೇತಿ ಪಡೆದ ತಂತ್ರಜ್ಞರಿಂದ ಸರ್ವಿಸ್ ಮಾಡಿಸುವುದು ರೂಢಿ. ಚಿಮಣಿಯ ಮಸಿ, ತುಕ್ಕಿನ ಹಕ್ಕಳೆಗಳನ್ನು ಬ್ರಷ್‌ನಿಂದ ಕೆಡವಬೇಕು. ಜೆಟ್‌ನ ತೂತು ಬಹು ಸಣ್ಣದು; ಸೂಜಿ ಚುಚ್ಚಿದರೆ ಹಿಗ್ಗಿ ಅನಿಲ ಹೆಚ್ಚು ಹರಿಯುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ನೆನೆಸಿ ಊದುತ್ತಾರೆ, ಇಲ್ಲವೇ ಬದಲಿಸುತ್ತಾರೆ. ತಿಂಗಳುಗಟ್ಟಲೆ ನಿಂತ ವಾಹನದ ಬರ್ನರಿನಲ್ಲಿ ಜೇಡರ ಬಲೆ ಸಾಮಾನ್ಯ, ಜಾಲರಿಯ ಹಿಂದೆ ಕಣಜದ ಗೂಡೂ ಇರಬಹುದು. ರಬ್ಬರ್ ಹೋಸಿನ ಮೇಲೆ ಅಚ್ಚಾದ ದಿನಾಂಕ ನೋಡಿ, ಅವಧಿ ಮೀರಿದ್ದರೆ ಬಿರುಕಿಲ್ಲದಿದ್ದರೂ ಬದಲಿಸಬೇಕು. ಜರ್ಮನಿಯಲ್ಲಿ ಜಿ 607 ಎಂಬ ನಿಯಮದಂತೆ ಎರಡು ವರ್ಷಕ್ಕೊಮ್ಮೆ ಅನಿಲ ವ್ಯವಸ್ಥೆಯ ತಪಾಸಣೆ ನಡೆಯುತ್ತದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಿಗೆ ಎಎಸ್/ಎನ್‌ಜಡ್‌ಎಸ್ 5601.2 ಎಂಬ ಜಂಟಿ ಮಾನದಂಡವಿದೆ.

ತಂಪು ಕಡಿಮೆಯಾದ ಕೂಡಲೇ ಕೊಳವೆಗಳನ್ನು ಶಂಕಿಸಬೇಕಿಲ್ಲ. ಈ ಫ್ರಿಜ್‌ಗಳು ಸ್ವಭಾವತಃ ನಿಧಾನ. ಪ್ರಯಾಣದ ಹಿಂದಿನ ದಿನವೇ ಹಚ್ಚಬೇಕು, ಬಿಸಿಲಿನ ದಿನ ಹಿಂಬದಿಯ ಗೋಡೆ ನೆರಳಿನಲ್ಲಿರುವಂತೆ ವಾಹನ ನಿಲ್ಲಿಸಬೇಕು. ಆದರೆ ಅಮೋನಿಯದ ಘಾಟು, ಬಾಯ್ಲರಿನ ಸುತ್ತ ಹಳದಿ ಪುಡಿ ಕಂಡರೆ ತಕ್ಷಣ ಆರಿಸಬೇಕು. ಆ ಪುಡಿ ಕ್ರೋಮೇಟ್, ವಿಷಕಾರಿ, ಕೈಯಲ್ಲಿ ಮುಟ್ಟಬಾರದು. ಸೋರುವ ಹೈಡ್ರೋಜನ್ ಜ್ವಾಲೆಯ ಪಕ್ಕದಲ್ಲೇ ಇರುವುದರಿಂದ ಬೆಂಕಿ ಹತ್ತಬಹುದು. ಬಾಯ್ಲರ್ ಕೊಳವೆ ಬಿರುಕುಬಿಡುವ ಸಾಧ್ಯತೆಯಿಂದಾಗಿ 2006ರಲ್ಲಿ ಅಮೆರಿಕದಲ್ಲಿ ಡೊಮೆಟಿಕ್ ತನ್ನ ಹಲವು ಮಾದರಿಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು. ಹಳೆಯ ವಾಹನ ಕೊಳ್ಳುವವರು ಫ್ರಿಜ್‌ನ ಮಾದರಿ ಸಂಖ್ಯೆ ಗುರುತಿಸಿಕೊಂಡು, ಅಂಥ ಕರೆಯಿತ್ತೇ, ದುರಸ್ತಿ ಮುಗಿದಿದೆಯೇ ಎಂದು ತಯಾರಕರಲ್ಲಿ ವಿಚಾರಿಸುವುದು ಅಗತ್ಯ. ಸೋರಿದ ಘಟಕಕ್ಕೆ ಬೆಸುಗೆ ಹಾಕಿಸಿ ಬಳಸುವಂತಿಲ್ಲ. ಇಡೀ ಶೈತ್ಯ ಘಟಕವನ್ನೇ ಬದಲಿಸಬೇಕು.