ನಾಲಿಗೆ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮುನ್ನ ಹರಡುವಿಕೆಯ ಅಂದಾಜು

ನಾಲಿಗೆಯ ಕ್ಯಾನ್ಸರ್ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬಿದೆಯೇ, ಹಬ್ಬುವ ಸಂಭವ ಎಷ್ಟು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸ್ಕ್ಯಾನ್‌ಗಳಿಂದ ಅಂದಾಜಿಸುವ ಕ್ರಮ ಇದು. ನಾಲಿಗೆಯಲ್ಲಿ ದುಗ್ಧನಾಳಗಳು ದಟ್ಟವಾಗಿವೆ. ಹುಣ್ಣು ಚಿಕ್ಕದಿರುವಾಗಲೇ ರೋಗದ ಕೋಶಗಳು ದವಡೆಯ ಕೆಳಗಿನ ಗ್ರಂಥಿಗಳನ್ನು ಸೇರಬಹುದು. ಕುತ್ತಿಗೆ ಮುಟ್ಟಿ ನೋಡಿದರೆ ಗಂಟೇ ಸಿಗದ ರೋಗಿಗಳಲ್ಲೂ ಸುಮಾರು ಶೇ 20ರಿಂದ 30 ಮಂದಿಗೆ ಹೀಗೆ ಅಡಗಿದ ಹರಡುವಿಕೆ ಇರುತ್ತದೆ.

ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಗೆ ಹತ್ತಿರದ, ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಿಗೆ ಈ ವಿಷಯ ದೂರದ್ದಲ್ಲ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕು, ಎಲೆ-ಅಡಿಕೆ, ಗುಟ್ಕಾ ಇವು ಬಾಯಿ ಕ್ಯಾನ್ಸರಿನ ಮುಖ್ಯ ಕಾರಣಗಳು. ಇಲ್ಲಿನ ಗಡಿ ಊರುಗಳವರು ಇದರ ಚಿಕಿತ್ಸೆಗೆ ಬೆಳಗಾವಿ ಅಥವಾ ಹುಬ್ಬಳ್ಳಿಯಂಥ ಊರುಗಳ ಆಸ್ಪತ್ರೆಗಳಿಗೆ ಹೋಗುವುದುಂಟು.

ಹರಡುವ ಸಂಭವದ ಬಗ್ಗೆ ಹುಣ್ಣಿನ ಅಗಲಕ್ಕಿಂತ ಅದು ಇಳಿದಿರುವ ಆಳವೇ ಹೆಚ್ಚು ಹೇಳುತ್ತದೆ. ಎಂಆರ್‌ಐ ಚಿತ್ರದಲ್ಲಿ ಹುಣ್ಣಿನ ಎರಡೂ ಬದಿಯ ಆರೋಗ್ಯವಂತ ಲೋಳೆಪೊರೆಯನ್ನು ಜೋಡಿಸುವ ಗೆರೆ ಎಳೆದು, ಅಲ್ಲಿಂದ ಗಡ್ಡೆಯ ತಳದವರೆಗೆ ನೇರ ಕೆಳಕ್ಕೆ ಅಳೆಯುತ್ತಾರೆ. ಮೇಲೆ ಉಬ್ಬಿದ ಭಾಗ ಲೆಕ್ಕಕ್ಕಿಲ್ಲ. ಕ್ಯಾನ್ಸರಿನ ಹಂತ ಗುರುತಿಸುವ ಟಿಎನ್‌ಎಂ ವರ್ಗೀಕರಣದ, 2018ರಲ್ಲಿ ಜಾರಿಗೆ ಬಂದ ಎಂಟನೆಯ ಆವೃತ್ತಿಯು 5 ಮತ್ತು 10 ಮಿ.ಮೀ. ಆಳವನ್ನು ಹಂತಗಳ ಗಡಿಯಾಗಿಸಿತು. ಆಳ 3–4 ಮಿ.ಮೀ. ದಾಟಿದರೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುವುದು ಸಾಮಾನ್ಯ. ಕತ್ತರಿಸಿ ತೆಗೆದ ಮಾಂಸ ಕುಗ್ಗುವುದರಿಂದ ಎಂಆರ್‌ಐ ಅಳತೆ ಪ್ರಯೋಗಾಲಯದ್ದಕ್ಕಿಂತ ತುಸು ಹೆಚ್ಚೇ ಬರುತ್ತದೆ.

ಗ್ರಂಥಿಗಳ ಪರೀಕ್ಷೆಗೆ ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಬಳಕೆಯಲ್ಲಿವೆ. ಅಡ್ಡಳತೆ 10 ಮಿ.ಮೀ. ಮೀರುವುದು, ಅವರೆಕಾಳಿನಂತೆ ಉದ್ದುದ್ದವಿರಬೇಕಾದ ಗ್ರಂಥಿ ಗುಂಡಗಾಗುವುದು, ನಡುವೆ ಕೊಳೆತ ಭಾಗ ಕಾಣುವುದು, ಅಂಚು ಒಡೆದಿರುವುದು ಸಂಶಯದ ಗುರುತುಗಳು. ಅನುಮಾನವಿದ್ದರೆ ಅಲ್ಟ್ರಾಸೌಂಡ್ ನೋಡುತ್ತಲೇ ಸೂಜಿ ಹಾಕಿ ಕೋಶ ತೆಗೆಯುತ್ತಾರೆ. ಪೆಟ್-ಸಿಟಿ ಸ್ಕ್ಯಾನ್‌ನ ಕಣ್ಣಿಗೂ ಕೆಲವೇ ಮಿಲಿಮೀಟರ್‌ನ ರೋಗ ಬೀಳದು. ಚಿತ್ರದ ಸೂಕ್ಷ್ಮ ವಿನ್ಯಾಸವನ್ನು ಗಣಕದಿಂದ ಓದಿಸುವ ರೇಡಿಯೋಮಿಕ್ಸ್ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ (2015) ಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ ಎಂಬ ಚರ್ಚೆಗೆ ತಿರುವು ಕೊಟ್ಟಿತು. ಆರಂಭಿಕ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕುಳಿದವರು ಶೇ 80. ಕುತ್ತಿಗೆಯಲ್ಲಿ ರೋಗ ಮರುಕಳಿಸಿದರಷ್ಟೇ ತೆಗೆಯುವುದೆಂದು ಕಾದ ಗುಂಪಿನಲ್ಲಿ ಶೇ 67.5. ಆದ್ದರಿಂದ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂಬುದೊಂದೇ ಕುತ್ತಿಗೆಯ ಶಸ್ತ್ರಚಿಕಿತ್ಸೆ ಬಿಡಲು ಸಾಕಾದ ಕಾರಣವಲ್ಲ.