ಐಕ್ಯಾಲೆಂಡರ್

ಕಾರ್ಯಕ್ರಮಗಳ ದಿನಾಂಕ, ವೇಳೆ, ಸ್ಥಳಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ, ಸರಳ ಪಠ್ಯರೂಪದ ಮುಕ್ತ ಮಾನಕ. ಜಾಲತಾಣಕ್ಕೆ ಆನ್‌ಲೈನ್ ಕ್ಯಾಲೆಂಡರ್ ಜೋಡಿಸುವ ಕೆಲಸದ ಬಹುಪಾಲು ಇದನ್ನೇ ನೆಚ್ಚಿಕೊಂಡಿದೆ. ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ 1998ರಲ್ಲಿ ಇದನ್ನು ಆರ್‌ಎಫ್‌ಸಿ 2445 ಆಗಿ ಪ್ರಕಟಿಸಿತು. 2009ರಲ್ಲಿ ಆರ್‌ಎಫ್‌ಸಿ 5545 ಅದರ ಸ್ಥಾನಕ್ಕೆ ಬಂತು. ಕಡತದ ಹೆಸರು ಸಾಮಾನ್ಯವಾಗಿ ‘.ಐಸಿಎಸ್’ ಎಂದು ಮುಗಿಯುತ್ತದೆ.

ಗೂಗಲ್ ಕ್ಯಾಲೆಂಡರಿನಂಥ ಸೇವೆಗಳು ಕೊಡುವ ಐಫ್ರೇಮ್ ಎಂಬ ಕೋಡ್ ತುಣುಕನ್ನು ಪುಟಕ್ಕೆ ಅಂಟಿಸುವುದು ಸುಲಭದ ದಾರಿ. ಬರೀ ನೋಡಲು ಅಷ್ಟು ಸಾಕು. ಜನರಿಗೆ ನಿಜಕ್ಕೂ ನೆರವಾಗುವುದು ಐಸಿಎಸ್ ಕಡತದ ಕೊಂಡಿ: ಒಮ್ಮೆ ಅದಕ್ಕೆ ಚಂದಾದಾರರಾದರೆ ಮುಂದಿನ ಬದಲಾವಣೆಗಳೂ ಫೋನಿಗೆ ಬರುತ್ತವೆ, ತಕ್ಷಣವಲ್ಲದಿದ್ದರೂ ತಂತ್ರಾಂಶ ಮತ್ತೆ ಕಡತ ತರಿಸಿಕೊಂಡಾಗ. ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ ಬದಲಾಗದ ಗುರುತು ಕಡ್ಡಾಯ. ಜಾಲತಾಣ ಪ್ರತಿ ಸಲ ಹೊಸ ಯುಐಡಿ ಹುಟ್ಟಿಸಿದರೆ, ಕಡತವನ್ನು ಮತ್ತೆ ಆಮದು ಮಾಡಿಕೊಂಡವರಿಗೆ ಒಂದೇ ಸಭೆ ಎರಡೆರಡು ಸಲ ಕಾಣಬಹುದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಾಲವಲಯದ ವಿಷಯದಲ್ಲಿ. ಭಾರತೀಯ ಕಾಲಮಾನ ಜಾಗತಿಕ ಪ್ರಮಾಣ ಕಾಲವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಬೆಂಗಳೂರಿನ ಸಂಜೆ 6 ಗಂಟೆ ಎಂದರೆ ಯುಟಿಸಿಯಲ್ಲಿ ಮಧ್ಯಾಹ್ನ 12:30. ವಲಯ ನಮೂದಿಸದ ವೇಳೆಯನ್ನು ಮಾನಕವು ‘ತೇಲುವ’ ವೇಳೆಯೆಂದು ಎಣಿಸುತ್ತದೆ. ಆಗ ಬೆಂಗಳೂರಿನಿಂದ ನೇರಪ್ರಸಾರವಾಗುವ ಸಂಜೆ 6ರ ಸಂಗೀತ ಕಛೇರಿಯನ್ನು ಲಂಡನ್ ಕನ್ನಡಿಗರ ಫೋನು ಅಲ್ಲಿನ ಸಂಜೆ 6ಕ್ಕೇ ತೋರಿಸುತ್ತದೆ, ಕಛೇರಿ ಮುಗಿದು ಗಂಟೆಗಳಾದ ಮೇಲೆ.